ಒಂದು ಬೆರಳಿನ ಸಡಿಲು

ಸುಟ್ಟ ವಾಸನೆ, ಹೌದು, ರಬ್ಬರಿನದಲ್ಲ, ಕ್ಲಚ್ ಪ್ಲೇಟಿನದೇ, ಮೂಗಿಗೆ ಬಡಿಯುವ ಮುಂಚೆಯೇ ಬರುತ್ತದೆಂದು ನನಗೆ ಗೊತ್ತಿತ್ತು — ಇಂಜಿನ್ ಒದರುತ್ತಿದೆ, ಕಾರು ಏರುತ್ತಿಲ್ಲ, ನವಿಲುತೀರ್ಥದ ಏರಿನ ನಡುವೆ ನಿಂತುಬಿಟ್ಟಿದೆ, ಸ್ಟೇರಿಂಗ್ ಹಿಡಿದವಳು ಮಗಳು ಉಮಾಶ್ರೀ, ಅಪ್ಪಾ ಪಿಕಪ್ ಇಲ್ಲೋ, ತುಳಿದಷ್ಟೂ ಬರೇ ಸಪ್ಪಳ ಐತಿ, ಕಾರು ಮೆಲ್ಲಗೆ ಹಿಂದಕ್ಕೆ, ಹಿಂದೆ ಕಬ್ಬಿನ ಟ್ರ್ಯಾಕ್ಟರ್, ಹ್ಯಾಂಡ್‌ಬ್ರೇಕ್ ಎಳಿ ಅನ್ನುವುದರೊಳಗೆ ಎಳೆದಿದ್ದಳು, ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಟ್ಟೆ, ಇಷ್ಟು ಬೇಕಿರಲಿಲ್ಲ ನನಗೆ, ಊರೊಳಗೇ ಎಲ್ಲಾದರೂ ಚೂರು ಜಾರಿದ್ದರೆ ಸಾಕಿತ್ತು, ನೋಡವಾ ನಿನ್ನ ನಾಸಿರ್ ಮಾಮಾನ ಕೆಲಸ, ಎಂದು ಒಂದು ಮಾತು ಅನ್ನಲು. ಅವಳು ಐಟಿಐ ಮುಗಿಸಿ ಕೆಲಸ ಕಲಿಯಲು ನಾಸಿರನ ಗ್ಯಾರೇಜಿಗೆ ಹೋಗತೊಡಗಿ ಆರು ತಿಂಗಳು, ರೊಟ್ಟಿ ಮುರಿಯುವಾಗಲೂ ಅವನದೇ ಮಾತು, ಮಾಮಾ ಕಣ್ಣು ಮುಚ್ಚಿ ಬೇರಿಂಗ್ ಸಪ್ಪಳ ಹೇಳತಾನ, ಮಾಮಾ ಹಂಗಲ್ಲ ಅಂತಾನ ಅಪ್ಪಾ. ಇಪ್ಪತ್ತೆರಡು ವರ್ಷ ರಾಮದುರ್ಗ ಸವದತ್ತಿ ಬಾಡಿಗೆ ಕಾರು ಹೊಡೆದವನು ನಾನು, ತೊಡೆಯ ಮೇಲೆ ಕೂರಿಸಿಕೊಂಡು ಸ್ಟೇರಿಂಗ್ ಹಿಡಿಸಿದವನು ನಾನು, ಮಾಮಾ ಅನ್ನುವಾಗ ಅವಳ ಕಣ್ಣುಗಳು ಹೊಳೆಯುತ್ತವೆ, ಅಪ್ಪಾ ಅನ್ನುವುದು ಊಟಕ್ಕೆ ಕರೆದ ಹಾಗೆ. ಹೋದ ವಾರ ಅವನ ಗ್ಯಾರೇಜಿನಲ್ಲಿ ನನ್ನ ಕಾರಿಗೆ ಹೊಸ ಪ್ಲೇಟು ಬಿತ್ತು, ಗೇರು ಬೆಣ್ಣೆಯ ಹಾಗೆ ಬೀಳತೊಡಗಿತು, ಅದೇ ಸಹಿಸಲಾಗಲಿಲ್ಲ — ನಿನ್ನೆ ಮಧ್ಯಾಹ್ನ ಅವಳು ಉಣ್ಣುತ್ತಿದ್ದಾಗ ಬಾನೆಟ್ಟಿನೊಳಗೆ ಕೈ ತೂರಿ, ನೋಡದೇ ತಡವಿ, ಕ್ಲಚ್ ಕೇಬಲ್ಲಿನ ನಟ್ಟು ಬಿಗಿದೆ, ಒಂದು ಸುತ್ತು, ಎರಡು, ಎರಡೂವರೆ, ಪೆಡಲ್ಲಿಗೆ ಒಂದು ಬೆರಳಷ್ಟು ಸಡಿಲು ಇರಬೇಕು, ಅದನ್ನು ಕಸಿದರೆ ಕಾಲು ತೆಗೆದರೂ ಕ್ಲಚ್ಚು ಪೂರ್ತಿ ಹಿಡಿಯುವುದಿಲ್ಲ, ಪ್ಲೇಟು ಜಾರುತ್ತದೆ, ಸುಡುತ್ತದೆ, ಹೆಸರು ಕೆಡುವುದು ನಾಸಿರನದು.

ಅವಳು ಈಗ ಹ್ಯಾಂಡ್‌ಬ್ರೇಕ್ ಎಳೆದೇ ಮೂರನೇ ಗೇರು ಹಾಕಿ ಕ್ಲಚ್ ಬಿಡುತ್ತಾಳೆ, ಇಂಜಿನ್ ಬಂದ್ ಬೀಳಬೇಕು, ಬೀಳುತ್ತಿಲ್ಲ, ಗುರುಗುಡುತ್ತಲೇ ಇದೆ, ಪ್ಲೇಟ್ ಜಾರಾಕತ್ತೈತಿ ಅಪ್ಪಾ, ಈಗ ಅನ್ನಬೇಕು, ನಿಮ್ಮ ಮಾಮಾ ಹಾಕಿದ್ದಲ್ಲೇನವಾ, ಅಂದೇಬಿಟ್ಟೆ, ಅವಳು ಸ್ಟೇರಿಂಗಿಗೆ ಹಣೆ ಕೊಟ್ಟಳು, ಮಾಮಾ ಕೈನೂ ಹಚ್ಚಿಲ್ಲಪ್ಪಾ, ಅದು ನಾನ ಹಾಕಿದ್ದು, ನನ್ನ ಮೊದಲನೇ ಕ್ಲಚ್ಚು, ಒಂದು ತಿಂಗಳ ಓಡ್ಲಿ, ಆಮ್ಯಾಲ ನಿಮ್ಮಪ್ಪಗ ಹೇಳೂಣು ಅಂದಿದ್ದ, ನನಗ ಈ ಕೆಲಸ ಬರೂದಿಲ್ಲ ಬಿಡು, ನಾಳಿಂದ ಹೋಗೂದಿಲ್ಲ. ಹೋಗೂದಿಲ್ಲ — ಇದೇ ಬೇಕಿತ್ತಲ್ಲ ನಿನಗೆ ಉಳವಪ್ಪಾ, ಅಂದುಕೊಂಡೆ, ಹಿಂದಿನಿಂದ ಟ್ರ್ಯಾಕ್ಟರಿನವನು, ಏನ್ ಯಜಮಾನ್ರ, ಇಲ್ಲೇ ಮನಿ ಕಟ್ಟಸಾವ್ರೇನು, ನಾನು ಅನ್ನಬೇಕು, ಎರಡೂವರೆ ಸುತ್ತು ಅನ್ನಬೇಕು, ಅವಳು ಮಾಮಾಗೆ ಫೋನ್ ಹಚ್ಚಿದಳು, ಮುನವಳ್ಳಿಗೆ ಬಂದಿದ್ದ ನಾಸಿರ್ ಬೈಕ್ ಹೊಡೆದುಕೊಂಡು ಬಂದ, ಪೆಡಲ್ ಕೈಯಿಂದ ಒತ್ತಿದ, ನೆಟ್ಟಗೆ ಕೇಬಲ್ಲಿಗೇ ಬಗ್ಗಿದ, ನಾನೂ ಬಗ್ಗಿದೆ, ಆಗ ಕಂಡಿತು, ಉಮಾಳ ಕೆಂಪು ಉಗುರುಬಣ್ಣ, ಸೆಟ್ಟಿಂಗ್ ಮುಗಿಸಿದವರು ನಟ್ಟಿಗೂ ಬೋಲ್ಟಿಗೂ ಸೇರಿಸಿ ಗುರುತಿಗೆ ಎಳೆಯುವ ಗೆರೆ, ಯಾರಾದರೂ ತಿರುಗಿಸಿದರೆ ತಿಳಿಯಲೆಂದು, ಅರ್ಧ ಬೋಲ್ಟಿನ ಮೇಲೆ, ಅರ್ಧ ನಟ್ಟಿನ ಜೊತೆ ಆಚೆ ಬದಿಗೆ. ನಾಸಿರ್ ಗೆರೆ ನೋಡಿದ, ನನ್ನ ಮುಖ ನೋಡಿದ, ಏನಾಗೇತಿ ಮಾಮಾ ಎಂದು ಅವಳು ಇಳಿದು ಬರುವುದರೊಳಗೆ ಹೆಬ್ಬೆರಳ ಉಗುರಿನಿಂದ ಗೆರೆ ಕೆರೆದುಬಿಟ್ಟ, ಏನಿಲ್ಲ ಬೇಟಾ, ನಿನ್ನ ಕೆಲಸ ಬರೋಬರಿ ಐತಿ, ಮೊನ್ನೆ ನಾನ ಕೇಬಲ್ ಜರಾ ಬಿಗದಿದ್ನಿ, ತಪ್ಪು ನಂದ, ಹೌದಿಲ್ರಿ ಉಳವಪ್ಪಣ್ಣ — ಹೌದು ಅಂದೆನೇ ನಾನು, ಅಂದೆ, ಅವಳು ಅಳುತ್ತಲೇ ನಕ್ಕು ಅವನ ತೋಳಿಗೊಂದು ಗುದ್ದಿದಳು, ಅವನ ತೋಳಿಗೆ, ಇದೊಂದು ತಪ್ಪಾದರೂ ನನ್ನದಿತ್ತು, ಅದನ್ನೂ ತೆಗೆದುಕೊಂಡ, ಸ್ಪ್ಯಾನರ್ ಹಿಡಿದು ನಟ್ಟು ಸಡಿಲಿಸುತ್ತಿದ್ದಾನೆ, ಒಂದು ಸುತ್ತು, ಉಗುರಿನ ಸಂದಿಯಲ್ಲಿ ಕೆಂಪು, ಎರಡು, ಕೆಂಪು, ಒರೆಸಿಕೋ ಮಾರಾಯಾ, ಅವಳು ನೋಡಿಯಾಳು, ಒರೆಸಿಕೋ, ಅವನ ಉಗುರಿನಲ್ಲಿ ಕೆಂಪು