ಸೊನ್ನೆ ಕಳಿಸಿದವಳು

ಕಾಂಚನಾ ಆ್ಯಪಿನ ಪ್ರೋಗ್ರಾಮಿನ ಆ ಸಾಲನ್ನು ನಾಲ್ಕನೇ ಸಲ ಓದಿದಳು. ಎಣಿಕೆ ಇದ್ದರೆ ತೆಗೆದುಕೋ, ಇಲ್ಲದಿದ್ದರೆ ಹೋದ ವರ್ಷದ್ದನ್ನೇ ತೋರಿಸು. ಬರೆದವಳು ತಾನೇ. ಕಂಪ್ಯೂಟರಿನ ಈ ಭಾಷೆಯಲ್ಲಿ ಸೊನ್ನೆಯೂ ಸುಳ್ಳು, ಖಾಲಿ ಬಿಟ್ಟ ಜಾಗವೂ ಸುಳ್ಳು. ಎರಡನ್ನೂ ಯಂತ್ರ 'ಇಲ್ಲ' ಎಂದೇ ಓದುತ್ತದೆ. ಗದಗಿನ ಕಾಲೇಜಿನಲ್ಲಿ ಆರು ವರ್ಷದಿಂದ ಇದನ್ನೇ ಬೋರ್ಡಿನ ಮೇಲೆ ಬರೆದು ಹುಡುಗರನ್ನು ಎಚ್ಚರಿಸುತ್ತ ಬಂದಿದ್ದಳು.

ಅಡರಕಟ್ಟಿಯ ಹೆಣ್ಣುಮಕ್ಕಳ ಬೀಜ ಸಂಘಕ್ಕೆ ಆ್ಯಪ್ ಮಾಡಿಕೊಟ್ಟವಳು ಅವಳು. ಬೀಜದ ಚೀಲಗಳನ್ನು ಸಂಘದ ಕೋಣೆಗೆ ಹಾಕಿದ ಮೇಲೆ, ಪ್ರತಿಯೊಬ್ಬರೂ ನೂರು ಕಾಳನ್ನು ಹಸಿ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ನಾಲ್ಕನೇ ದಿನ ಬಿಚ್ಚಿ, ಮೊಳೆತವೆಷ್ಟು ಎಂದು ಫೋನಿನಲ್ಲಿ ಒತ್ತಬೇಕು. ಆ್ಯಪ್ ಹೇಳಿದಂತೆ ಹಂಚಿಕೆ. ಸಂಘದ ಹಿರಿಯಳು ಕಳಕವ್ವನ ಹೆಸರುಕಾಳಿಗೆ ಅದು 'ತೊಂಬತ್ತೊಂದು, ಬಿತ್ತಬಹುದು' ಎಂದಿತ್ತು. ಅದೇ ಊರಿನ ರೈತ ದುರ್ಗೇಶ ಒಯ್ದು ಬಿತ್ತಿದ. ಎರಡು ಎಕರೆಯಲ್ಲಿ ಒಂದು ಸಸಿಯೂ ಏಳಲಿಲ್ಲ.

ಸೋಮವಾರ ಸಂಘ ಸೇರಿದಾಗ ಕಳಕವ್ವ ಎದ್ದು ನಿಂತಿದ್ದಳು. "ನಾ ಸೊನ್ನಿ ಒತ್ತೇನಿ ಯವ್ವಾ. ಒಂದೂ ಮೊಳತಿರಲಿಲ್ಲ."

"ಒತ್ತಿದ್ರ ಬರ್ತಿತ್ತಲ್ರಿ," ಎಂದಿದ್ದಳು ಕಾಂಚನಾ. "ನೀವು ಎಣಿಸೇ ಇಲ್ಲ. ಖಾಲಿ ಬಿಟ್ಟೀರಿ."

"ಗೋಣಿ ಬಿಚ್ಚಾಕ ಪುರಸೊತ್ತಿರಲಿಲ್ಲೇನಬೇ, ಧಾರಾವಾಹಿ ಮುಗಿದಿರಲಿಲ್ಲೇನು?" ಎಂದು ದುರ್ಗೇಶ ಕುಟುಕಿದ್ದ. ಎಲ್ಲರೂ ನಕ್ಕಿದ್ದರು, ಕಾಂಚನಾಳೂ. ಕಳಕವ್ವನ ಬೀಜ ಇನ್ನು ಬೇಡವೆಂದು ಅಲ್ಲೇ ಠರಾವಾಗಿತ್ತು.

ಈಗ ಆ ಸಾಲು ತಿದ್ದಲು ಅರ್ಧ ನಿಮಿಷ ಸಾಕಾಯಿತು. ಇನ್ನು ಯಾರಿಗೂ ತಿಳಿಯುವುದಿಲ್ಲ ಎಂಬ ಸಮಾಧಾನ ಒಂದು ಕ್ಷಣ ಮೂಡಿತು. ಅದು ಮೂಡಿದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಕೆ ಬಂತು. ಮರುದಿನ ಮುಂಜಾನೆಯೇ ಅಡರಕಟ್ಟಿಗೆ ಹೋಗಲು ಲಕ್ಷ್ಮೇಶ್ವರದ ಬಸ್ಸು ಹತ್ತಿದಳು.

ಕಳಕವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಾಂಚನಾ ಕೂರದೆ ಹೇಳಿದಳು: "ನೀವು ಸೊನ್ನಿ ಕಳಿಸಿದ್ದು ಖರೆ ಐತ್ರಿ. ನಾ ಮಾಡಿದ ಆ್ಯಪ್ ಅದನ್ನ, ಏನೂ ಕಳಿಸಿಲ್ಲ ಅಂತ ತಿಳಕೊಂಡು ಹೋದ ವರ್ಷದ ಎಣಿಕಿ ತೋರಿಸೈತಿ. ತಪ್ಪು ನಂದು."

ಕಳಕವ್ವನ ಕೈ ನಿಂತಿತು. "ನಲವತ್ತ ವರ್ಷ ಬೀಜ ಕಾದಾಕಿ ನಾ. ಸೊನ್ನಿ ಒತ್ತಾಕ ಎಷ್ಟು ನಾಚಿಕಿ ಆಗಿತ್ತು ಗೊತ್ತೈತೇನು ನಿನಗ? ಆದ್ರೂ ಒತ್ತಿದ್ನಿ."

ಕಾಂಚನಾ ಕಾಲು ಮುಟ್ಟಲು ಬಾಗಿದಳು. ಮುದುಕಿ ಕಾಲು ಹಿಂದಕ್ಕೆಳೆದುಕೊಂಡಳು.

"ಇಲ್ಲಿ ಬ್ಯಾಡ. ನಾಕ ಮಂದಿ ಮುಂದ ಅಂದಿ, ನಾಕ ಮಂದಿ ಮುಂದ ಹೇಳು."

ಕಳಕವ್ವ ಓಣಿಗೆ ಕೇಳುವಂತೆ ಕೂಗಿದಳು. ಹೆಂಗಸರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಬ್ಬೊಬ್ಬರೇ ಬಂದರು. ದುರ್ಗೇಶನೂ ಬಂದ.

"ಏನ್ರೀ ಮೇಡಂ, ಮತ್ತ ಯಾರ ತಪ್ಪು ಸಿಕ್ಕಿತು?" ಎಂದ.

ಕಾಂಚನಾ ಕಳಕವ್ವನ ಕಡೆ ನೋಡಿದಳು. ಕಳಕವ್ವ ಕಾಯುತ್ತಿದ್ದಳು, ಸಹಾಯಕ್ಕೆ ಬರಲಿಲ್ಲ. ಕಾಂಚನಾ ಹಿಂದೆ ನಿಂತವರಿಗೂ ಕೇಳುವಷ್ಟು ಗಟ್ಟಿಯಾಗಿ ಮೊದಲಿನಿಂದ ಹೇಳತೊಡಗಿದಳು.