ಅಮ್ಮನ ಪ್ರಾರ್ಥನೆ ಚೀಟಿ

ನನ್ನ ತಮ್ಮ ಚರ್ಚಿನ ಸಭಾಪಾಲಕ. ಊರಿನಲ್ಲಿ ಯಾರಿಗೆ ಜ್ವರ ಬಂದರೂ ಥರ್ಮಾಮೀಟರಿಗಿಂತ ಮೊದಲು ಅವನು ಹಾಜರು. ಗುರುತು ಪರಿಚಯ ಇಲ್ಲದವರ ಹುಣ್ಣು ತೊಳೆಯುತ್ತಾನೆ, ದಿಕ್ಕಿಲ್ಲದವರ ಹೆಣ ಹೊರುತ್ತಾನೆ. ಕಳ್ಳ ಭಕ್ತನಾಗಿದ್ದರೆ ಬೈಯುವುದು ಸುಲಭವಿತ್ತು. ಇವನದು ಅಪ್ಪಟ ಸೇವೆ, ಅದೇ ತೊಂದರೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆ ಕಟ್ಟಿದವರು ಇಂಥವನೊಬ್ಬನನ್ನು ನೋಡಿಯೇ ಕಟ್ಟಿರಬೇಕು.

ನಾನು ಟೈಲರ್. ಕೆಳಗೆ ಅಂಗಡಿ, ಮೇಲೆ ಮನೆ, ಮನೆಯಲ್ಲಿ ಎರಡು ವರ್ಷದಿಂದ ಹಾಸಿಗೆ ಹಿಡಿದ ಅಮ್ಮ. ಅವಳಿಗೆ ಉಳಿದಿರುವ ಆಸೆ ಒಂದೇ: ಮಗನ ಕೈಯಿಂದ ಪ್ರಭು ಭೋಜನ ತೆಗೆದುಕೊಳ್ಳಬೇಕು. ಸಹಾಯಕ ಪಾಸ್ಟರ್ ರೊಟ್ಟಿ, ದ್ರಾಕ್ಷಾರಸ ಹಿಡಿದು ಎರಡು ಸಲ ಬಂದಿದ್ದರು. ಎರಡು ಸಲವೂ ಅಮ್ಮ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡಳು. ಕಳೆದ ತಿಂಗಳು ಡಾಕ್ಟರು ನನ್ನನ್ನು ಬಾಗಿಲ ಹೊರಗೆ ಕರೆದು, ಕಿಡ್ನಿ ಕೈಕೊಡುತ್ತಿದೆ, ಇನ್ನು ಹೆಚ್ಚು ದಿನ ಇಲ್ಲ ಎಂದರು. ತಮ್ಮನಿಗೆ ಫೋನ್ ಮಾಡಿ ಹೇಳಿದೆ. ಬರುತ್ತೇನೆ ಅಂದ. ಆ ವಾರ ಯಾರದೋ ಮನೆ ಸುಟ್ಟಿತು, ಮುಂದಿನ ವಾರ ಯಾರಿಗೋ ಅವಳಿ ಮಕ್ಕಳಾದವು. ಮೂರನೆಯ ಸಲ ಕೇಳಿದಾಗ ಬಹಳ ಶಾಂತವಾಗಿ ಹೇಳಿದ:

"ಅಮ್ಮಂಗೆ ನೀನಿದ್ದೀಯಲ್ಲ ಅಕ್ಕ. ಅವರಿಗೆ ಯಾರೂ ಇಲ್ಲ."

ಇಂಥ ಮಾತು ಕಲಿಸಲಿಕ್ಕೆಂದೇ ಅವನನ್ನು ಮೂರು ವರ್ಷ ಪಾಸ್ಟರರನ್ನು ತಯಾರಿಸುವ ಸೆಮಿನರಿಯಲ್ಲಿ ಕೂರಿಸಿದ್ದರೆಂದು ಕಾಣುತ್ತದೆ.

ಚರ್ಚಿನ ಬಾಗಿಲಲ್ಲಿ ಒಂದು ಪ್ರಾರ್ಥನೆ ಪೆಟ್ಟಿಗೆ ಇದೆ. ಕಷ್ಟದಲ್ಲಿರುವವರು ಅದರಲ್ಲಿ ಚೀಟಿ ಬರೆದು ಹಾಕುತ್ತಾರೆ. ಮುಂದುಗಡೆ ಕಷ್ಟ, ಹಿಂದುಗಡೆ ವಿಳಾಸ, ಹೆಸರು ಎಲ್ಲೂ ಇಲ್ಲ. ತಮ್ಮ ಅದನ್ನು ಮೊದಲೇ ತೆರೆದು ನೋಡುವುದಿಲ್ಲ. ಆರಾಧನೆಯ ನಡುವೆ ಎಲ್ಲರೆದುರು ಕಷ್ಟವನ್ನು ಓದಿ ಪ್ರಾರ್ಥಿಸುತ್ತಾನೆ, ಆಮೇಲೆ ಮಾತ್ರ ತಿರುಗಿಸಿ ವಿಳಾಸ ನೋಡುತ್ತಾನೆ. ಮುಖ ನೋಡಿ ಮಣೆ ಹಾಕಬಾರದಂತೆ. ಅವನೇ ಮಾಡಿದ ನಿಯಮ. ಅದರ ಬಗ್ಗೆ ಅವನಿಗಿರುವ ಹೆಮ್ಮೆಯನ್ನು ಮಾತ್ರ ಅವನು ತನ್ನ ಪಾಪಗಳ ಪಟ್ಟಿಯಲ್ಲಿ ಸೇರಿಸಿಕೊಂಡಿಲ್ಲ.

ನನ್ನ ಅಕ್ಷರ ಅವನಿಗೆ ಗೊತ್ತು. ಅಂಗಡಿಯಲ್ಲಿ ಕಾಜಾ, ಗುಂಡಿ ಹಾಕುವಾಕೆಯ ಕೈಯಿಂದ ಬರೆಸಿದೆ: 'ವಯಸ್ಸಾದ ತಾಯಿ ಸಾಯುವ ಹಾಗಿದ್ದಾಳೆ. ಮಗ ಇದೇ ಊರಿನಲ್ಲಿದ್ದಾನೆ. ಎರಡು ವರ್ಷದಲ್ಲಿ ಐದಾರು ಸಲ ಬಂದಿದ್ದಾನೆ, ಒಮ್ಮೆಯೂ ಕೂತಿಲ್ಲ.' ಹಿಂದುಗಡೆ ನಮ್ಮ ಬೀದಿ, ನಮ್ಮ ಮನೆ ನಂಬರು.

ಭಾನುವಾರ ಅವನು ಅದನ್ನು ಓದಿದ. ನಾನು ಮೂರನೆಯ ಸಾಲಿನಲ್ಲಿ ಕೈಕಟ್ಟಿ ಕೂತಿದ್ದೆ. ಆ ದಿನದ ಉಪದೇಶಕ್ಕೆ ಬರೆದು ತಂದ ಪ್ರಸಂಗವನ್ನು ಪಕ್ಕಕ್ಕಿಟ್ಟು ಆ ಮಗನ ನೀರಿಳಿಸತೊಡಗಿದ. ಹೆತ್ತ ಹೊಟ್ಟೆಗೆ ಬೆಂಕಿ ಇಟ್ಟವನೆಂದ, ಇಂಥವನು ಮಂಡಿ ಸವೆಯುವಷ್ಟು ಪ್ರಾರ್ಥಿಸಿದರೂ ದೇವರಿಗೆ ಕೇಳಿಸುವುದಿಲ್ಲವೆಂದ. ಹೆಂಗಸರು ಕಣ್ಣೊರೆಸಿಕೊಂಡರು. ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ, ಇಷ್ಟು ಸುಖ ಕೊಟ್ಟ ಪ್ರಸಂಗವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಕೊನೆಗೆ, ಆರಾಧನೆ ಮುಗಿದ ಕೂಡಲೇ ಮೊದಲು ಆ ತಾಯಿಯ ಬಳಿಗೇ ಹೋಗುತ್ತೇನೆಂದು ಎಲ್ಲರೆದುರು ಮಾತು ಕೊಟ್ಟು ಚೀಟಿ ತಿರುಗಿಸಿದ.

ಮೈಕಿನಲ್ಲಿ ಅವನ ಉಸಿರು ಮಾತ್ರ ಕೇಳಿಸಿತು. ಜನ ಅದನ್ನು ಮೌನ ಪ್ರಾರ್ಥನೆಯೆಂದುಕೊಂಡು ತಲೆ ಬಗ್ಗಿಸಿದರು. ಅವನು ತಲೆ ಎತ್ತಿ ನನ್ನನ್ನು ಹುಡುಕಿದ. ನಾನು ಕಣ್ಣು ತಪ್ಪಿಸಲಿಲ್ಲ.

ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದ, ಕೈಯಲ್ಲಿ ರೊಟ್ಟಿ ದ್ರಾಕ್ಷಾರಸದ ಪುಟ್ಟ ಪೆಟ್ಟಿಗೆ. ಅಮ್ಮ ಎಂದಿನಂತೆ ದಿಂಬಿನ ಪಕ್ಕದ ಫೋನಿನಲ್ಲಿ ನೇರಪ್ರಸಾರದ ಆರಾಧನೆ ಪೂರ್ತಿ ಕೇಳಿದ್ದಳು. ಚೀಟಿಯ ವಿಷಯ ನಾನು ಅವಳಿಗೆ ಹೇಳಿರಲಿಲ್ಲ. ಮಗನನ್ನು ಕಂಡು ಅವಳ ಮುಖ ಅರಳಿತು, ಆಮೇಲೆ ಹುಬ್ಬು ಗಂಟಾಯಿತು.

"ಇಲ್ಯಾಕೆ ಬಂದೆ? ಆ ತಾಯಿ ಹತ್ರ ಹೋಗ್ತೀನಿ ಅಂತ ಮಾತು ಕೊಟ್ಟಿದ್ದೀಯ. ಮೊದ್ಲು ಅಲ್ಲಿಗೆ ಹೋಗು," ಎಂದಳು. ಸ್ವಲ್ಪ ಸುಧಾರಿಸಿಕೊಂಡು ಮುಂದುವರಿಸಿದಳು: "ಆ ಹುಡುಗನ್ನ ಅಷ್ಟು ಬೈಬಾರದಿತ್ತು ಕಣೋ. ಅವನಿಗೆ ಏನು ಕಷ್ಟವೋ. ಹೆತ್ತವಳು ಕೇಳಿಸ್ಕೊಂಡಿದ್ರೆ ಎಷ್ಟು ನೊಂದ್ಕೊಳ್ತಾಳೆ."

ತಮ್ಮ ಹಾಸಿಗೆಯ ಅಂಚಿನಲ್ಲಿ ಕೂತ.

"ಅಲ್ಲಿಗೇ ಬಂದಿದ್ದೀನಮ್ಮ," ಎಂದ.

ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ನೋಡಿದ್ದು ಅವನನ್ನಲ್ಲ, ನನ್ನನ್ನು.

"ಊರೆಲ್ಲ ಕೇಳೋ ಹಾಗೆ ನನ್ನ ಮಗನ್ನ ಅವನ ಬಾಯಿಂದಲೇ ಬೈಸಿದೆಯಾ?"

ಎರಡು ವರ್ಷ ಅವಳ ಮಲಮೂತ್ರ ತೆಗೆದವಳು ನಾನು. ಮೈಯೆಲ್ಲ ಉರಿದುಹೋಯಿತು. ತಮ್ಮನಿಗಾಗಿ ವಾರವಿಡೀ ಮಸೆದಿಟ್ಟಿದ್ದ ಮಾತುಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ.

ಅವನು ಪೆಟ್ಟಿಗೆ ತೆರೆದು ರೊಟ್ಟಿ ಮುರಿದ. ಅಮ್ಮ ಮಗುವಿನ ಹಾಗೆ ಬಾಯಿ ತೆರೆದಳು. ನನಗೂ ಒಂದು ಚೂರು ಚಾಚಿದ, ಬೇಡವೆಂದೆ. ಸಿಟ್ಟಿಟ್ಟುಕೊಂಡು ತಿನ್ನುವ ರೊಟ್ಟಿಯಲ್ಲ ಅದು. ಅಷ್ಟು ನನಗೂ ಗೊತ್ತು, ಸೆಮಿನರಿಗೆ ಹೋಗಬೇಕಾಗಿಲ್ಲ.

ಮಧ್ಯಾಹ್ನ ಮಗ್ಗುಲು ಬದಲಿಸುವ ಹೊತ್ತಿಗೆ ನಾನು ಹಾಸಿಗೆಯ ಹತ್ತಿರ ಹೋದೆ. ಅಮ್ಮ ನನ್ನ ಕೈ ಸರಿಸಿ, ಅವನು ಮಾಡಲಿ ಎಂದಳು. ಮಾಡಲಿ, ಎರಡು ನಿಮಿಷದಲ್ಲಿ ಬೆವರಿಳಿಯುತ್ತದೆ ಎಂದುಕೊಂಡು ಗೋಡೆಗೆ ಒರಗಿ ನಿಂತೆ. ಅವನು ಪಳಗಿದವನ ಹಾಗೆ ಒಂದು ಕೈಯನ್ನು ಹೆಗಲಡಿಗೆ, ಇನ್ನೊಂದನ್ನು ಸೊಂಟದಡಿಗೆ ತೂರಿಸಿ, ಅವಳು ಉಸಿರು ಬಿಡುವವರೆಗೆ ಕಾದು, ಮೆಲ್ಲಗೆ ಹೊರಳಿಸಿದ. ದಿನಕ್ಕೆ ನಾಲ್ಕು ಸಲದಂತೆ ಎರಡು ವರ್ಷ ನಾನು ಅವಳನ್ನು ಹೊರಳಿಸಿದ್ದೇನೆ, ಅಮ್ಮ ನರಳದ ದಿನವಿಲ್ಲ. ಅವನ ಕೈಯಲ್ಲಿ ಅವಳು ನರಳಲಿಲ್ಲ.