ಬಂಗಾರ ಬಳಿದ ಮೊಸರು

ಎರ್ರಮ್ಮಜ್ಜಿ ಮೊಸರು ಬಿಟ್ಟಿದ್ದಕ್ಕೆ ಮೊಮ್ಮಗಳು ಭುವನಾಳ ಜಾಣತನವೇ ಕಾರಣ. ಆಂಧ್ರದ ಆದವಾನಿಯ ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು, ಹುಡುಗರಿಗೆ ತೋರಿಸಿದ್ದು ಸಾಲದೆಂಬಂತೆ ಒಂದು ದಿನ ಸೂಕ್ಷ್ಮದರ್ಶಕವನ್ನು ಮನೆಗೂ ಹೊತ್ತು ತಂದಳು. ಗಾಜಿನ ಚೂರಿನ ಮೇಲೆ ಮನೆಯ ಮೊಸರಿನ ತಿಳಿ ಒಂದು ತೊಟ್ಟು ಇಟ್ಟು, ಅಜ್ಜಿಯ ಕಣ್ಣನ್ನು ಕೊಳವೆಗೆ ಆನಿಸಿದಳು. ಕೆಳಗಿನಿಂದ ಬೀಳುವ ಬೆಳಕಿನಲ್ಲಿ ಸಣ್ಣ ಸಣ್ಣ ಕಡ್ಡಿಗಳು ಮಿಸುಕಾಡುತ್ತಿದ್ದವು.

“ಅಯ್ಯ ಶಿವನ, ಇವು ಜೀವಂತ ಅದಾವೇನ?”

“ಹೂಂ ಅಜ್ಜಿ, ಲಕ್ಷಗಟ್ಟಲೆ ಅದಾವ!” ಎಂದು ಭುವನಾ ಹಿಗ್ಗಿದಳು.

ಹಿಗ್ಗುವ ಮೊದಲು ಯಾರ ಮುಂದೆ ಮಾತಾಡುತ್ತಿದ್ದೇನೆಂದು ನೋಡಬೇಕಿತ್ತು. ಲಿಂಗಪೂಜೆಯಾಗದೆ ನೀರೂ ಕುಡಿಯದ ಮುದುಕಿ, ಇರುವೆ ಸಾಲು ಕಂಡರೆ ಸುತ್ತು ಹಾಕಿ ಹೋಗುವವಳು. ಅವತ್ತೇ ಮೊಸರಿನ ಗಡಿಗೆಗೆ ಕೈಮುಗಿದಳು. ಹಲ್ಲಿಲ್ಲದ ಬಾಯಿಗೆ ಬೇಸಿಗೆಯಲ್ಲಿ ಮೊಸರನ್ನವೇ ಆಧಾರ, ಬೇರೆ ಏನು ತಿಂದರೂ ಹೊಟ್ಟೆಗೆ ಒಗ್ಗದು. ತಿಂಗಳು ತುಂಬುವುದರೊಳಗೆ ಕುಪ್ಪಸ ಭುಜದಿಂದ ಜಾರತೊಡಗಿತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ಮೊಮ್ಮಗಳು, ಉಪವಾಸ ಅಜ್ಜಿಯದು.

ಅದೇ ಹೊತ್ತಿಗೆ ಭುವನಾಳಿಗೆ ಹೈದರಾಬಾದಿನಲ್ಲಿ ತರಬೇತಿ ಬಂತು. ಮನೆಯ ಮೊಸರನ್ನೇ ಪುಟ್ಟ ಸೀಸೆಯಲ್ಲಿ ಒಯ್ದಳು. ಅಲ್ಲಿನ ಲ್ಯಾಬಿನಲ್ಲಿ ಗೆಳತಿ ದೀಪಿಕಾ ಇದ್ದಳು, ಬೀರುವಿನಷ್ಟು ದೊಡ್ಡ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೂ ಇತ್ತು. ಅದು ನೋಡುವುದು ಬೆಳಕಿನಿಂದಲ್ಲ, ಎಲೆಕ್ಟ್ರಾನುಗಳ ಧಾರೆಯಿಂದ. ಆ ಧಾರೆಗೆ ಗಾಳಿ ಅಡ್ಡ ಬರಬಾರದೆಂದು ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದಿರುತ್ತಾರೆ. ಹಸಿಯಾದದ್ದು, ಉಸಿರಿರುವುದು ಅಲ್ಲಿ ಉಳಿಯದು. ದೀಪಿಕಾ ಮೊಸರಿಗೆ ಔಷಧ ಹಾಕಿ, ಒಣಗಿಸಿ, ಮೇಲೆ ಬಂಗಾರದ ತೆಳು ಲೇಪ ಕೊಟ್ಟು ಒಳಗಿಟ್ಟಳು. ಪರದೆಯ ಮೇಲೆ ಒಂದೊಂದು ಕಡ್ಡಿಯೂ ರಾಶಿ ಹಾಕಿದ ಶೇಂಗಾದಂತೆ ದಪ್ಪಗೆ ಕಂಡಿತು. ಬಣ್ಣವಿಲ್ಲ, ಚಲನೆಯಿಲ್ಲ. ಭುವನಾ ಅದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡಳು. ಊರಿಗೆ ಮರಳಿದವಳೇ ಅಜ್ಜಿಯ ಮುಂದೆ ಹಿಡಿದಳು.

“ಇದು ದೊಡ್ಡ ಮಿಷನ್ ಅಜ್ಜಿ, ನಮ್ಮ ಕಾಲೇಜಿಂದಕ್ಕಿಂತ ನೂರುಪಟ್ಟು ಚೊಲೋ ತೋರಸ್ತೈತಿ. ನೋಡು, ಒಂದರ ಅಲುಗಾಡ್ತೈತೇನು? ಜೀವ ಇಲ್ಲ ಇವಕ್ಕ.”

ಅಜ್ಜಿ ವಿಡಿಯೋ ಮತ್ತೆ ಮತ್ತೆ ಹಾಕಿಸಿ ನೋಡಿದಳು. ಅವತ್ತು ಮಧ್ಯಾಹ್ನ ಮೊಸರನ್ನ ಉಂಡು ಬೆರಳು ನೆಕ್ಕಿದಳು. ಸಂಜೆ, ತನ್ನ ಮಾತು ಕೇಳಿ ಮೊಸರು ಬಿಟ್ಟಿದ್ದ ಪಕ್ಕದ ಮನೆಯ ಗುರುಲಿಂಗಮ್ಮನನ್ನು ಕರೆಸಿದಳು.

“ಹಂಗಾರ ಪೆರುಗು ತಿನ್ನಬೌದೇನಕ್ಕ?” ಮೊಸರಿಗೆ ತೆಲುಗಿನ ಹೆಸರು ಹಿಡಿದೇ ಗುರುಲಿಂಗಮ್ಮ ಕೇಳಿದಳು.

“ಧೈರ್ಯಲೆ ತಿನ್ನು. ನಮ್ಮ ಭುವನಿ ಸುಳ್ಳಾಡಾಕಿ ಅಲ್ಲ.”

ಆ ಮಾತು ಭುವನಾಳ ಎದೆಗೆ ಚುಚ್ಚಿತು. ಒಬ್ಬಳ ವ್ರತ ಕೆಡಿಸಿದ್ದು ಸಾಲದೆ ಇಬ್ಬರದು ಕೆಡಿಸಿದೆನಲ್ಲ ಎನಿಸಿತು. ಗುರುಲಿಂಗಮ್ಮ ಹೋದ ಮೇಲೆ ಅಜ್ಜಿ ಹೆಪ್ಪು ಹಾಕಲು ಕೂತಾಗ ತಡೆಯಲಾಗಲಿಲ್ಲ.

“ಅಜ್ಜಿ, ನಾ ಸುಳ್ಳು ಹೇಳೀನಿ. ಕಾಲೇಜಿನ ಮಿಷನ್‌ನಾಗ ಜೀವ ಇದ್ದಂಗ ಕಾಣ್ತಾವ. ಆ ದೊಡ್ಡದ್ರಾಗ ಜೀವ ಇದ್ದುದು ಇಡಾಕ ಬರಂಗಿಲ್ಲ. ಕೊಂದು, ಒಣಗಿಸಿ, ಬಂಗಾರ ಬಳಿದು ಇಟ್ಟಿದ್ವಿ. ಅದಕ್ಕ ಅಲುಗಾಡಲಿಲ್ಲ.”

ಹೆಪ್ಪಿನ ಚಮಚ ಹಿಡಿದ ಕೈ ಅಲ್ಲೇ ನಿಂತಿತು.

“ನಮ್ಮ ಮನಿ ಮೊಸರೇನ?”

“ಹೂಂ.”

“ನಾ ಉಣ್ಣಲಿ ಅಂತ ಕೊಂದಿರೇನ?”

ಅಜ್ಜಿ ಬೈದಿದ್ದರೆ ಭುವನಾಳಿಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಬಿಟ್ಟು, ಗಡಿಗೆಯ ಸುತ್ತ ಹಳೆಯ ಸೀರೆ ಸುತ್ತಿದಳು.

“ಇವಾದ್ರೂ ಬೆಚ್ಚಗಿರಲಿ.”

ಮರುದಿನ ಮೊಸರು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಅಜ್ಜಿ ತನ್ನ ಅನ್ನಕ್ಕೆ ನೀರು ಸುರಿದುಕೊಂಡು, ಭುವನಾಳ ತಟ್ಟೆಗೆ ದೊಡ್ಡ ಸೌಟಿನಲ್ಲಿ ಮೊಸರು ಬಡಿಸಿದಳು.

“ನೀ ಉಣ್ಣವ್ವ. ಇವಕ್ಕ ಜೀವ ಐತಂತ ನಿನಗ ಮೊದಲಿಂದ ಗೊತ್ತಿತ್ತಲ್ಲ.”